ಹವಲ್ದಾರನ ತೂಕ

ಗೋದಾಮಿನ ತೊಲೆಗೆ ನೇತುಬಿದ್ದ ತಕ್ಕಡಿಯಲ್ಲಿ
ಹಗಲೆಲ್ಲ ಕಾಫಿಹಣ್ಣು ತೂಗಿ ಮುಗಿದ ಮೇಲೆ
ಶನಿವಾರ ಸಂಜೆ ನಿನ್ನ ಸರದಿ.
ಗೋಣಿಯ ನಾಲ್ಕು ಮೂಲೆ ಗಂಟು ಹಾಕಿ
ಚೋಮ ನಿನ್ನನ್ನು ಎತ್ತಿ ಒಳಗಿಡುತ್ತಾನೆ.
ಮುಳ್ಳು ನಡುಗುತ್ತದೆ, ನೀನು ಅದಕ್ಕಿಂತ ಹೆಚ್ಚು.

ಪುಸ್ತಕದಲ್ಲಿ ಬರೆಯುವವನು ನಾನು, ಈ ತೋಟದ ರೈಟರು.
ಬೊಳ್ಳಿ, ನೂರ ಹತ್ತು ಕಿಲೋ.
ಚಾತಿ, ತೊಂಬತ್ತಾರು.
ಹವಲ್ದಾರ, ಇಪ್ಪತ್ತೊಂದೂವರೆ.
ಅವರ ಹೆಸರಿನೆದುರು ಅಂಕಿ ಏರಿದರೆ ಕೂಲಿ,
ನಿನ್ನ ಹೆಸರಿನೆದುರು ಏರಿದರೆ ಬೈಗುಳ.

ಆನೆ ಗೇಟು ಮುರಿದ ವರ್ಷ ಉತ್ತಯ್ಯನವರು
ಮೈಸೂರಿನಿಂದ ತಂದರು ನಿನ್ನ, ಜೀಪಿನ ಹಿಂದಿನ ಸೀಟಲ್ಲಿ.
ಮಿಲಿಟರಿಯಲ್ಲಿದ್ದವರು, ಹೆಸರಿಗೇ ಪಟ್ಟಿ ಹೊಲಿದರು:
‘ಈಗ ಹವಲ್ದಾರ. ಗೇಟು ಕಾದರೆ ಸುಬೇದಾರ.’
ಅಂಗೈಯಷ್ಟು ಪಾದ, ಮೈಗೆ ಮೀರಿದ ಚರ್ಮ,
ಅಣ್ಣನ ಯೂನಿಫಾರ್ಮು ತೊಟ್ಟ ಹುಡುಗ.

ಬೇಗ ಬೆಳೆಯಲಿ ಎಂದು ಎಲ್ಲರಿಗೂ ಆತುರ.
ಚೋಂದವ್ವ ಬೆಳಿಗ್ಗೆ ನಾಲ್ಕು ಮೊಟ್ಟೆ, ಎಮ್ಮೆಹಾಲು,
ಮಧ್ಯಾಹ್ನ ಹಂದಿಮೂಳೆಯ ಸಾರು,
ಅದರ ಮೇಲೆ ತಮ್ಮದೇ ಮಂಡಿಗೆ ಬರೆದ ಮಾತ್ರೆ, ಪುಡಿ ಮಾಡಿ.
ಸುಣ್ಣ ತಾನೇ, ಸುಣ್ಣಕ್ಕೇನು ದೋಷ?
ಹಬ್ಬಕ್ಕೆ ಗೋಡೆ ಬಳಿದಂತೆ ಬಳಿದರು ನಿನ್ನೊಳಗೆ.

ಒಂದು ದಿನ ಎಡಗಾಲೆತ್ತಿ ನಿಂತೆ.
ಮುಳ್ಳು ಹುಡುಕಿದೆವು. ಮರುವಾರ ಬಲಗಾಲು.
ಮತ್ತೆ ಎಡ. ನೋವೂ ಪರೇಡು ಕಲಿತಿತ್ತು.

ವಿರಾಜಪೇಟೆಯಲ್ಲಿ ಡಾಕ್ಟರು ನಫೀಸಾ
ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.
ಮೂಳೆಯ ತುದಿಗೊಂದು ಕಪ್ಪು ಗೆರೆ.
‘ಮುರಿದಿದೆಯಾ?’
ಉತ್ತಯ್ಯನವರ ದನಿ ಅಷ್ಟು ಸಣ್ಣದಾದದ್ದು ನಾನು ಕೇಳಿರಲಿಲ್ಲ.
‘ಮುರಿದಿಲ್ಲ. ಬಾಗಿಲು ಇನ್ನೂ ತೆರೆದಿದೆ, ಅಷ್ಟೆ.
ಮೂಳೆ ಬೆಳೆಯೋದು ಇಲ್ಲೇ. ನೀವು ತಳ್ಳಿದ್ದು ಜಾಸ್ತಿ.
ಮಾತ್ರೆ ನಿಲ್ಲಿಸಿ, ಮೆಟ್ಟಿಲು ಹತ್ತಿಸಬೇಡಿ,
ಜೀಪಿನಿಂದ ಧುಮುಕೋಕೆ ಬಿಡಬೇಡಿ.
ದೊಡ್ಡ ತಳಿಯ ಮರಿಗೆಂದೇ ಸಿಗುವ ಊಟ, ಅಳೆದು ಹಾಕಿ.
ಪಕ್ಕೆಲುಬು ಬೆರಳಿಗೆ ಸಿಗಬೇಕು.
ದೊಡ್ಡವನು ಆಗೇ ಆಗ್ತಾನೆ. ನಿಧಾನವಾಗಿ ಆಗಲಿ.’

ಬರುವ ದಾರಿಯಲ್ಲಿ ಒಂದು ಸಿಲ್ವರ್ ಓಕು
ನಡು ಮುರಿದು ಬಿದ್ದಿತ್ತು, ಮೆಣಸಿನ ಬಳ್ಳಿ ಸಮೇತ.
ನೆಟ್ಟು ಹತ್ತು ವರ್ಷವೂ ಆಗಿರಲಿಲ್ಲ, ಮುಗಿಲು ಮುಟ್ಟಿತ್ತು.
‘ನಮ್ಮಜ್ಜ ಬೀಟೆ ನೆಟ್ಟಿದ್ದ,’ ಎಂದರು ಉತ್ತಯ್ಯನವರು.
ಆಮೇಲೆ ಅಮ್ಮತ್ತಿವರೆಗೂ ಮಾತಿಲ್ಲ.

ಕಷ್ಟವಾದದ್ದು ಚೋಂದವ್ವನಿಗೆ.
‘ಹಸಿವು ಹಾಕಿ ಸಾಕ್ತಾರಾ ಯಾರಾದರೂ?’
ನೀನು ಖಾಲಿ ತಟ್ಟೆಯನ್ನು ಅಂಗಳದುದ್ದ
ಮೂಗಿನಿಂದ ತಳ್ಳಿಕೊಂಡು ಅಡುಗೆಮನೆ ಬಾಗಿಲಿಗೇ ತರುತ್ತಿದ್ದೆ.
ಒಂದು ಶನಿವಾರ ಮುಳ್ಳು ಹದ್ದು ಮೀರಿತು.
ಮೊಟ್ಟೆಯೆಂದು ನನಗೆ ಗೊತ್ತು, ಚೋಮನಿಗೂ ಗೊತ್ತು,
ಪುಸ್ತಕಕ್ಕೆ ಗೊತ್ತಿಲ್ಲ.
ಮೂವತ್ತು ವರ್ಷದ ಲೆಕ್ಕದಲ್ಲಿ ನಾನು ಬರೆದ ಒಂದೇ ಸುಳ್ಳು.
(ಒಂದೇ ಎಂದು ಬರೆದುಕೊಳ್ಳುತ್ತೇನೆ.)

ಮೊನ್ನೆ, ನಿನಗೆ ಒಂದೂವರೆ ವರ್ಷ ತುಂಬಿದ ವಾರ,
ಗೆರೆ ಮುಚ್ಚಿದೆ ಎಂದರು ಡಾಕ್ಟರು.
ಎಡಪಾದ ಚೂರು ಹೊರಗೆ ನೋಡುತ್ತದೆ. ನೋಡಲಿ.

ಆ ರಾತ್ರಿಯೇ ಆನೆ ಬಂತು, ಹಲಸಿನ ವಾಸನೆ ಹಿಡಿದು.
ಉತ್ತಯ್ಯನವರು ಚೈನು ಬಿಚ್ಚಿದರು.
ನೀನು ಕತ್ತಲನ್ನು ನೋಡಿದೆ,
ಕತ್ತಲೊಳಗೆ ಅಲುಗುವ ಇನ್ನೊಂದು ಕತ್ತಲನ್ನು ನೋಡಿದೆ,
ತಿರುಗಿ ಓಡಿದೆ
ಅಂಗಳ ದಾಟಿ, ಕಣ ದಾಟಿ,
ಗೋದಾಮಿನ ಗೋಣಿಗಳ ಸಂದಿಗೆ.
ಟಾರ್ಚು ಬಿಟ್ಟು ನೋಡಿದೆವು ನಾವು ಮೂವರೂ,
ಆನೆಯನ್ನಲ್ಲ, ನಿನ್ನ ಕಾಲುಗಳನ್ನು.
‘ಕುಂಟಲಿಲ್ಲ,’ ಎಂದರು ಉತ್ತಯ್ಯನವರು, ಪಿಸುದನಿಯಲ್ಲಿ,
‘ನಾಲ್ಕೂ ನೆಲಕ್ಕೆ ತಾಗಿದವು, ಕಂಡಿರಾ?’

ಹಿಂದೆ, ಗೇಟು ಮುರಿಯುತ್ತಿತ್ತು.